ಮೋತ್ಯಾನ ಹತ್ತು ದಿನ

ಆ ಮಂಗಳವಾರ ಬೆಳಿಗ್ಗೆ ನಾನು ಹನುಮಸಾಗರದ ಹತ್ತಿರದ ಒಂದು ಹೊಲದಲ್ಲಿ ಎಮ್ಮೆಯ ಕಿವಿಗೆ ಬಿಲ್ಲೆ ಹಾಕುತ್ತಿದ್ದೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನಗಳು. ಪ್ರತಿ ದನಕ್ಕೆ ಒಂದು ಚುಚ್ಚುಮದ್ದು, ಪ್ರತಿ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ, ಆ ಅಂಕಿ ಮೊಬೈಲಿನಲ್ಲಿ ದಾಖಲಾಗಬೇಕು. ಮಧ್ಯಾಹ್ನದ ಬಿಸಿಲೇರುವ ಮೊದಲು ಎಷ್ಟು ಕಿವಿ ಮುಗಿಯುತ್ತವೆ ಎನ್ನುವುದೊಂದೇ ತಲೆಯಲ್ಲಿತ್ತು. ಆಗ ಫೋನ್ ಬಂತು. ಮಾತಾಡಿದವರು ಎಂಟು ಕಿಲೋಮೀಟರು ಒಳಗಿನ ಒಂದು ಹಳ್ಳಿಯ ಪಂಚಾಯತಿ ಸದಸ್ಯರು.

"ಮೇಡಂ, ನಮ್ಮೂರಾಗ ಹುಚ್ಚು ನಾಯಿ ಒಬ್ಬಾತಗ ಕಡದೈತ್ರಿ. ಒಂದು ಇಂಜೆಕ್ಷನ್ ತಗೊಂಡು ಬಂದುಬಿಡ್ರಿ, ಮಲಗ್ಸಿಬಿಡೂನು."

ಮಲಗಿಸುವುದು ಎಂದರೆ ಏನೆಂದು ನಮ್ಮ ಕೆಲಸದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

"ನಾಯಿ ಜೀವಂತ ಐತೇನ್ರಿ?"

"ಐತ್ರಿ. ಮಂದಿ ಬಡಿಗಿ ಹಿಡಕೊಂಡು ನಿಂತಾರ."

"ಯಾರೂ ಹೊಡೀಬ್ಯಾಡ್ರಿ. ಕಡಿಸಿಕೊಂಡಾತನ ಕೈ ನಳದ ಕೆಳಗ ಹಿಡದು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೀರಿ. ಖಾರ, ಸುಣ್ಣ ಏನೂ ಹಚ್ಚಬ್ಯಾಡ್ರಿ."

"ಸುಣ್ಣ ಆಗ್ಲೇ ಹಚ್ಚೇವಲ್ರಿ ಮೇಡಂ."

"ತೊಳೀರಿ" ಎಂದು ಹೇಳಿ ಹೊರಟೆ. ಜೊತೆಗೆ ನಮ್ಮ ಪಶು ಆಸ್ಪತ್ರೆಯ ಡಿ ದರ್ಜೆ ನೌಕರರಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದ, ಹೋರಿಯ ಕೊಂಬಿಗೂ ಹೆದರದ ಮನುಷ್ಯ. ನಾಯಿ ಎಂದ ಕೂಡಲೇ ಅವರು ಬೈಕಿನ ಹಿಂದೆ ಕುಳಿತು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅದು ಒಂದೇ ಚಾವಣಿಯ ಕೆಳಗೆ ಎರಡು ಬಾಗಿಲಿನ ಮನೆ. ಎಡಬಾಗಿಲು ಅಣ್ಣನದು, ಬಲಬಾಗಿಲು ತಮ್ಮನದು, ನಡುವೆ ಅಂಗಳದಲ್ಲಿ ಎದೆಮಟ್ಟದ ಗೋಡೆ. ಅಣ್ಣ ಅರವತ್ತರ ಹತ್ತಿರದವನು, ಎಡಬಾಗಿಲ ಕಟ್ಟೆಯ ಮೇಲೆ ಬಲಗೈಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ತಮ್ಮ ಹತ್ತು ವರ್ಷ ಚಿಕ್ಕವನು, ಜೆಸಿಬಿ ಓಡಿಸುವವನು. ದನದ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನಾಯಿ ಅವನ ಹಿಂದೆ ಒಳಗಿತ್ತು. ಬಡಿಗೆಗಳು ಅವನ ಮುಂದೆ ಇದ್ದವು.

"ಸರೀರಿ, ನೋಡ್ತೀನಿ" ಎಂದೆ. ಆತ ನನ್ನ ಕೈಯ ಚೀಲ ನೋಡಿದ.

"ಇಂಜೆಕ್ಷನ್ ತಂದೀರೇನು?"

"ತಂದಿಲ್ಲ."

ಆಗ ಸರಿದ.

ನಾಯಿಯ ಹೆಸರು ಮೋತ್ಯಾ. ಕಂದು ಬಣ್ಣ, ಎದೆಯ ಮೇಲೆ ಅಂಗೈಯಷ್ಟು ಬಿಳಿ, ಆರು ವರ್ಷ. ಸರಪಳಿ ಕಟ್ಟಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು, ಮುಚ್ಚುತ್ತಿರಲಿಲ್ಲ. ಜೊಲ್ಲು ನೂಲಿನಂತೆ ಇಳಿದು ಎದೆಯ ಬಿಳಿಯೆಲ್ಲ ಒದ್ದೆಯಾಗಿತ್ತು. ನಾಲಗೆಗೆ ಮಣ್ಣು ಮೆತ್ತಿತ್ತು. ಬಾಗಿಲಲ್ಲೇ ನಿಂತು ನಾನು ಬಹಳ ಹೊತ್ತು ನೋಡಿದೆ.

ಹುಚ್ಚು ಎಂದರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನೇ ಎಲ್ಲರೂ ನೆನೆಯುತ್ತಾರೆ. ಇನ್ನೊಂದು ಬಗೆಯಿದೆ, ಮೂಕ ಬಗೆ. ಕೆಳದವಡೆಯ ಶಕ್ತಿ ಹೋಗಿ ಬಾಯಿ ಜೋಲುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಿದೆ ಅನ್ನಿಸುತ್ತದೆ. ಪಾಪ ಎಂದು ಕೈ ಹಾಕುತ್ತಾರೆ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಈ ಪಾಠವನ್ನು ಮುಗಿಸಿದ ಮೇಲೂ ಬಾಗಿಲ ತನಕ ಹೋಗಿ ಹಿಂದಿರುಗಿ ಹೇಳಿದ್ದರು: ಎಲುಬು ಇರಬೇಕು ಅನ್ನಿಸಿದ ಗಳಿಗೆಯಲ್ಲೇ ಕೈ ಜೇಬಿನಲ್ಲಿಟ್ಟುಕೊಳ್ಳಿ.

"ಹುಚ್ಚಿನ ಲಸಿಕಿ ಹಾಕ್ಸೀರೇನು ಇದಕ್ಕ?"

"ಹಿಂದಿನ ವರ್ಷದ ಹಿಂದಿನ ವರ್ಷ ಊರಾಗ ಕ್ಯಾಂಪ್ ಆಗಿತ್ತಲ್ರಿ, ಆಗ ಹಾಕ್ಸೀನಿ" ಎಂದ ತಮ್ಮ. ಚೀಟಿ ಕೇಳಿದೆ. ಅವನ ಹೆಂಡತಿ ಟ್ರಂಕು ತೆಗೆದು ಹುಡುಕಿದಳು. ಸಿಗಲಿಲ್ಲ.

ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ಕಾಯಬೇಕು. ರೋಗ ಇದ್ದರೆ ಅಷ್ಟರಲ್ಲಿ ಅದು ಸಾಯುತ್ತದೆ. ಹತ್ತು ದಿನ ದಾಟಿ ಬದುಕಿದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷ ಇರಲಿಲ್ಲ ಎಂದು ಗೊತ್ತಾಗುತ್ತದೆ. ಈಗಲೇ ಹೊಡೆದು ಕೊಂದರೆ ಏನೂ ಗೊತ್ತಾಗುವುದಿಲ್ಲ, ತಲೆಗೆ ಪೆಟ್ಟು ಬಿದ್ದರೆ ಪರೀಕ್ಷೆಗೆ ಕಳಿಸಲೂ ಬರುವುದಿಲ್ಲ.

ಕಟ್ಟೆಯ ಮೇಲಿದ್ದ ಅಣ್ಣ ಟವೆಲ್ ಬಿಚ್ಚಿ ಕೈ ತೋರಿಸಿದ. ತೋರುಬೆರಳಿನ ಬುಡದಲ್ಲಿ ಎರಡು ಆಳದ ತೂತು. ದಾರಿಯಲ್ಲಿ ಹೋಗುವಾಗ ಸುಮ್ಮನೆ ಬಂದು ಕಚ್ಚಿತು ಎಂದ.

"ಹತ್ತು ದಿನ ಅಂತ ಸರಳ ಹೇಳಿಬಿಟ್ರಿ. ನಾಯಿ ಹ್ವಾದ್ರ ಇನ್ನೊಂದು ನಾಯಿ ಬರತೈತ್ರಿ. ನಾ ಹ್ವಾದ್ರ?"

ಅದು ನ್ಯಾಯದ ಪ್ರಶ್ನೆ. "ನೀವು ಹತ್ತು ದಿನ ಕಾಯಬ್ಯಾಡ್ರಿ. ಇವತ್ತ ಕುಷ್ಟಗಿಗೆ ಹೋಗಿ ಇಂಜೆಕ್ಷನ್ ಚಾಲೂ ಮಾಡ್ರಿ, ಗಾಯದ ಸುತ್ತ ಹಾಕೂದೂ ಹಾಕಿಸಿಕೊಳ್ರಿ. ನಾಯಿ ಕಾಯೂದು ನನ್ನ ಕೆಲಸ."

"ಹಂಗಾರ ಅವಗ ಹೇಳ್ರಿ" ಎಂದ, ಮೂರು ಮಾರು ದೂರದಲ್ಲಿ ನಿಂತಿದ್ದ ತಮ್ಮನ ಕಡೆ ನೋಡದೆ. "ಅದು ಸರಪಳಿ ಹರಕೊಂಡು ಹೊರಗ ಬಂತಂದ್ರ ನಾ ಯಾರ ಮಾತೂ ಕೇಳಂಗಿಲ್ಲ."

"ಅವರಿಗೆ ಹೇಳ್ರಿ ಮೇಡಂ, ಹರಕೊಂಡು ಬರಂಗಿಲ್ಲಂತ" ಎಂದ ತಮ್ಮ ನನ್ನ ಮುಖ ನೋಡುತ್ತ.

ಅಣ್ಣತಮ್ಮಂದಿರು ಒಂದೂವರೆ ವರ್ಷದಿಂದ ಮಾತಾಡುವುದಿಲ್ಲ ಎಂದು ಪಂಚಾಯತಿ ಸದಸ್ಯರು ಬೈಕಿನ ತನಕ ಬಂದು ಹೇಳಿದರು. ಮನೆಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಅಣ್ಣನ ಮೊಣಕಾಲು ಕೈಕೊಟ್ಟಾಗ ತಮ್ಮನನ್ನು ಓಡಿಸಲು ಕೇಳಿದ. ತಮ್ಮ ತಿಂಗಳ ಪಗಾರದ ಜೆಸಿಬಿ ಬಿಟ್ಟು ಬರಲು ಒಪ್ಪಲಿಲ್ಲ. ಟ್ರ್ಯಾಕ್ಟರ್ ಮಾರಿದರು, ಅಂಗಳಕ್ಕೆ ಗೋಡೆ ಬಂತು. ಸದಸ್ಯರೇ ಅಣ್ಣನನ್ನು ಕುಷ್ಟಗಿಗೆ ಕರೆದುಕೊಂಡು ಹೋದರು.

ಬುಧವಾರ ಲಸಿಕೆಗೆ ಹೊರಡುವ ಮುಂಚೆ ಅಲ್ಲಿಗೆ ಹೋದೆ. ನಾಯಿ ಹಾಗೇ ಇತ್ತು, ಇನ್ನಷ್ಟು ಸೊರಗಿತ್ತು. ತಮ್ಮ ರಜೆ ಹಾಕಿ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದ. ಉದ್ದನೆಯ ಕೊಳವೆಯ ತುದಿಯಿಂದ ನೀರು ಬಿಡಬೇಕು, ಹತ್ತಿರ ಹೋಗಬಾರದು ಎಂದು ಹೇಳಿದ್ದೆ, ಹಾಗೇ ಮಾಡುತ್ತಿದ್ದ. ನಾಯಿ ನೀರಿಗೆ ಮುಖ ಒಡ್ಡುತ್ತಿತ್ತು, ಹೆಚ್ಚಿನದೆಲ್ಲ ಹೊರಗೇ ಚೆಲ್ಲುತ್ತಿತ್ತು.

"ನೀವು ಇಲ್ಲಿ ಕುಂತ್ರ ಮಷಿನ್ ಯಾರು ಓಡಿಸ್ತಾರ?"

"ಯಲಬುರ್ಗಾ ಕಡಿ ಕೆರಿ ಹೂಳು ತೆಗ್ಯಾಕತ್ತೇವ್ರಿ. ಇನ್ನೊಬ್ಬಾತಗ ಹಚ್ಯಾರ. ನಾ ಹೋಗೂದ್ರಾಗ ಮಷಿನ್ ಬದ್ಲಿ ಮಾಡಿದ್ರೂ ಮಾಡ್ಯಾರ."

"ಬ್ಯಾಸರ ಆಗೂದಿಲ್ಲೇನು? ದಿನಾ ಕುಂಡ್ರೂ ಮಷಿನ್ ಅದು."

"ಇದು ನಾಕನೇ ಮಷಿನ್ರಿ. ಮಷಿನ್ ಬದ್ಲಾದ್ರ ಸೀಟು ಬದ್ಲಾಕೈತಿ. ಎರಡು ದಿನ ಬೆನ್ನು ನೋಯ್ತೈತಿ, ಆಮ್ಯಾಲ ಅದೂ ಹೊಂದ್ತೈತಿ. ಮಷಿನ್ ನನ್ನ ಗುರ್ತು ಇಟ್ಟಿರಂಗಿಲ್ಲ. ಇದು ಹಂಗಲ್ರಿ. ನನ್ನ ಗಾಡಿ ಊರ ಹೊರಗಿನ ಸಣ್ಣ ಸೇತುವಿ ದಾಟೂದ್ರಾಗ ಎದ್ದು ನಿಂತಿರ್ತೈತಿ."

ನಾನು ನಾಯಿ ಸಾಕಿದವಳಲ್ಲ. ಗಂಗಾವತಿಯ ನಮ್ಮ ಮನೆಯಲ್ಲಿ ಎಮ್ಮೆಗಳಿದ್ದವು. ಹಾಲು ಕಡಿಮೆಯಾದರೆ ಕೊಟ್ಟು ಬೇರೆಯದನ್ನು ತರುತ್ತಿದ್ದರು. ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ಕೋಳಿ ಫಾರಮ್ಮಿನಲ್ಲಿದ್ದೆ, ಅಲ್ಲಿ ಕೋಳಿಗಳನ್ನು ಬ್ಯಾಚು ಎಂದೇ ಕರೆಯುತ್ತಿದ್ದೆವು. ಹಾಗಾಗಿ ಆ ಮಾತಿನಲ್ಲಿ ನನಗೆ ಒಂದು ತೂತು ಕಂಡಿತು, ಅದನ್ನು ಹೇಳದೆ ಇರಲಾಗಲಿಲ್ಲ. ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ.

"ನೋಡ್ರಿ, ಇದು ಖರೇನ ಹುಚ್ಚಾಗಿದ್ರ ಇನ್ನ ಎರಡು ದಿನಕ್ಕ ನಿಮ್ಮ ಗುರ್ತು ಹಿಡಿಯಂಗಿಲ್ಲ. ಆಗ ನಿಮಗೂ ಮಷಿನ್ನಿಗೂ ಏನಿತ್ತೋ ಅಷ್ಟ ಇದಕ್ಕೂ ಉಳಿಯೂದು."

ಅವನು ಕೊಳವೆ ಕೆಳಗಿಟ್ಟ.

"ಅದು ಮರೀಲಿ ಬಿಡ್ರಿ ಮೇಡಂ. ಅದಕ್ಕ ಬ್ಯಾನಿ ಬಂದು ಮರೀತೈತಿ. ನನಗೇನು ಬ್ಯಾನಿ ಬಂದೈತಿ, ಮರ್ಯಾಕ?"

ನಾನು ಅವತ್ತು ಎಪ್ಪತ್ತು ಕಿವಿ ಮುಗಿಸಬೇಕಿತ್ತು. ಎದ್ದೆ.

ಆದರೆ ಮನಸ್ಸು ಕಿವಿಗಳ ಮೇಲೆ ನಿಲ್ಲಲಿಲ್ಲ. ಅಂಕಿ ತಪ್ಪು ಒತ್ತಿದೆ, ಅಳಿಸಿ ಮತ್ತೆ ಒತ್ತಿದೆ. ಲೆಕ್ಕ ಸರಳವಾಗಿತ್ತು, ಅದೇ ಕಾಡುತ್ತಿತ್ತು. ರೋಗ ಇದ್ದರೆ ನಾಯಿ ಸಾಯುತ್ತದೆ. ರೋಗವಿಲ್ಲದೆ ಬಾಯಲ್ಲಿ ಬೇರೆ ಏನೋ ಆಗಿದ್ದರೆ, ಈ ಬಿಸಿಲಿನಲ್ಲಿ ಅನ್ನ ನೀರಿಲ್ಲದೆ ಹತ್ತು ದಿನ ತುಂಬುವ ಮೊದಲೇ ಸಾಯುತ್ತದೆ. ಎರಡರಲ್ಲೂ ಊರಿನವರಿಗೆ ಕಾಣುವುದು ಒಂದೇ, ಹುಚ್ಚು ಹಿಡಿದು ಸತ್ತ ನಾಯಿ. ತಲೆಯನ್ನು ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ಬರುವ ತನಕ ಆ ಕಟ್ಟೆಯ ಮೇಲಿನ ಮನುಷ್ಯ ಹೇಗಿರುತ್ತಾನೆ? ಕಾಯುತ್ತೇನೆ ಎಂದು ದೊಡ್ಡದಾಗಿ ಹೇಳಿದ್ದೆ. ಕಾಯುವುದೇ ಆ ನಾಯಿಯನ್ನು ಕೊಲ್ಲುತ್ತಿರಬಹುದು.

ಗುರುವಾರ ಎರಡು ಸಲ ಹೋದೆ. ಮೂರು ಸಲ ಫೋನ್ ಮಾಡಿದೆ. ಅದು ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆಯೇ ಎಂದು ಕೇಳಿದೆ, ಏಕೆಂದರೆ ಬಾಯಲ್ಲಿ ಏನಾದರೂ ಸಿಕ್ಕಿದ ನಾಯಿ ಕೆರೆದುಕೊಳ್ಳುತ್ತದೆ, ಮೂಕ ಹುಚ್ಚಿನದು ಸಾಮಾನ್ಯವಾಗಿ ಇಲ್ಲ. "ಇಲ್ರಿ, ಸುಮ್ನ ಮಕ್ಕೊಂಡೈತಿ" ಎಂದ ತಮ್ಮ. ನನಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕುಷ್ಟಗಿಯ ಸರಕಾರಿ ಆಸ್ಪತ್ರೆಗೆ ಹೋದೆ. ಕಾಲೇಜಿನಲ್ಲಿ ತೆಗೆದುಕೊಂಡಿದ್ದ ಹುಚ್ಚಿನ ಲಸಿಕೆಗೆ ಬೂಸ್ಟರ್ ಹಾಕಿಸಿಕೊಳ್ಳಬೇಕಿತ್ತು. ಯಾಕೆ ಎಂದು ನನಗೆ ನಾನೇ ಇನ್ನೂ ಹೇಳಿಕೊಂಡಿರಲಿಲ್ಲ. ಚುಚ್ಚುಮದ್ದಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದ, ಎರಡನೇ ಡೋಸಿಗೆ. ಪಕ್ಕದಲ್ಲಿ ಕೂತೆ. ನರ್ಸ್ ಇನ್ನೂ ಬಂದಿರಲಿಲ್ಲ.

"ಬದುಕೈತೇನ್ರಿ?" ಎಂದ.

"ಐತ್ರಿ."

ಆಮೇಲೆ ನಾನು ಕೇಳದೆಯೇ ಮಾತು ತೆಗೆದ.

"ನಮ್ಮ ಟ್ರ್ಯಾಕ್ಟರ್ ಹುಲಿಹೈದರದ ಕಡಿಯಾತ ತಗೊಂಡಾನ್ರಿ. ಮಾರಿದ ಮ್ಯಾಲ ಮೂರು ಸಲ ಹೋಗಿ ನೋಡಿ ಬಂದೀನಿ. ಮನ್ಯಾಗ ಕನಕಗಿರಿ ದೇವ್ರಿಗೆ ಹೋಗ್ತೀನಂತ ಹೇಳ್ತೀನಿ."

ನಾನು ನಕ್ಕೆ. ಅವನೂ ಸ್ವಲ್ಪ ನಕ್ಕ.

"ಒಡ್ಡಿನ ಮ್ಯಾಲ ಕುಂತು ನೋಡಿದೆ. ಎರಡನೇ ಗೇರಿಗೆ ಹಾಕಾಗ ಒಂದು ಸಪ್ಪಳ ಬರ್ತಿತ್ರಿ ನಮ್ದು. ಅದ ಸಪ್ಪಳ. ಕಣ್ಣು ಕಟ್ಟಿ ನಿಲ್ಲಿಸಿದ್ರೂ ಹೇಳ್ತಿದ್ದೆ. ಆತ ಊಟಕ್ಕ ನಿಲ್ಲಿಸಿದಾಗ ಹೋಗಿ ಬಾನೆಟ್ ಮ್ಯಾಲ ಕೈ ಇಟ್ಟೆ. ಬಿಸಿ ಇತ್ತು. ಅಷ್ಟ. ಅದಕ್ಕ ನಾನೂ ಒಂದ, ಆತನೂ ಒಂದ."

"ಮತ್ತ ಯಾಕ ಹೋಗ್ತೀರಿ?"

"ಅದಕ್ಕ ಬೇಕಾಗಿಲ್ರಿ. ನನಗ ಬೇಕಾಗಿತ್ತು. ಇಪ್ಪತ್ತು ವರ್ಷ ಅದರ ಮ್ಯಾಲ ಕುಂತು ಹೊಟ್ಟಿ ತುಂಬಿಸಿಕೊಂಡೀನಿ." ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡ. "ಟ್ರ್ಯಾಕ್ಟರಿಗೆ ನಾ ಹ್ವಾದ್ರೂ ಅಷ್ಟ, ಬಿಟ್ರೂ ಅಷ್ಟ. ಈ ನಾಯಿ ನೋಡ್ರಿ. ಅವನ ನಾಯಿ ಅಂತ ದಿನಾ ಬೈತೀನಿ. ಕಲ್ಲು ತಗೊಂಡೀನಿ. ಆದ್ರೂ ಭಾನುವಾರ ಬಂತಂದ್ರ ಗ್ವಾಡಿ ಹಾರಿ ನಮ್ಮ ಹಿತ್ತಲಾಗ ಬಂದು ಕುಂತಿರ್ತೈತಿ."

"ಭಾನುವಾರ ಯಾಕ?"

ಅವನು ಬಾಗಿಲ ಕಡೆ ನೋಡಿದ. ನರ್ಸ್ ಬಂದಿರಲಿಲ್ಲ.

"ಮಟನ್ ಮಾಡ್ತೇವ್ರಿ. ಎಲುಬು ನಾನ ಹಾಕ್ತೀನಿ. ಮನ್ಯಾಗ ಯಾರಿಗೂ ಗೊತ್ತಿಲ್ಲ."

ನಾನು ಬೆಂಚಿನ ಮೇಲೆ ತಿರುಗಿ ಕೂತೆ. "ಈ ಭಾನುವಾರಾನೂ ಹಾಕಿದ್ರೇನು?"

"ಹಾಕಿದ್ದೆ. ಸೋಮವಾರ ನೋಡಿದ್ರ ಅದು ಹಿತ್ತಲಾಗ ಮುಂಗಾಲಿಲೆ ಬಾಯಿ ಕೆರ್ಕೊಳ್ಳಾಕತ್ತಿತ್ತು, ಇಡೀ ದಿನ. ಮುಖ ನೆಲಕ್ಕ ತಿಕ್ಕತಿತ್ತು. ಅವ ಕೆಲಸಕ್ಕ ಹೋಗಿದ್ದ. ಮಂಗಳವಾರ ಮುಂಜಾನಿ ನನಗ ತಡೀಲಿಲ್ರಿ. ಹಿಡದು ಬಾಯಾಗ ಬಟ್ಟು ಹಾಕಿದೆ. ಎಲುಬು ಸಿಗತೈತೇನಂತ."

"ಆಗ ಕಡೀತು?"

"ಕಡೀತು."

"ಮತ್ತ ದಾರ್ಯಾಗ ಹೊಂಟಾಗ ಸುಮ್ನ ಬಂದು ಕಡೀತು ಅಂತ ಹೇಳಿದ್ರಲ್ಲ ಎಲ್ಲರ ಮುಂದ!"

"ಏನಂತ ಹೇಳ್ಲಿ ಮೇಡಂ?" ಅವನು ನನ್ನ ಕಡೆ ತಿರುಗಿದ. "ಒಂದೂವರಿ ವರ್ಷ ಅವನ ಕೂಡ ಮಾತು ಬಿಟ್ಟೀನಿ. ಅವನ ನಾಯಿ ಬಾಯಾಗ ಕೈ ಹಾಕಿದ್ದೆ ಅಂತ ಹೇಳ್ಲೇನು? ಆಮ್ಯಾಲ ಮಂದಿ ಹುಚ್ಚು ಹುಚ್ಚು ಅಂದ್ರು, ಅಂಜಿಕಿ ಬಂತು. ಅಂಜಿಕಿ ಬಂದ ಮ್ಯಾಲ ಅದನ್ನ ಹೊಡದು ಹಾಕಿದ್ರ ಸಾಕು ಅನಿಸ್ತು. ಖರೇ ಹೇಳ್ತೀನಿ, ಮೂರು ದಿನದಿಂದ ನನ್ನ ಕಣ್ಣು ಹತ್ತಿಲ್ಲ."

ನರ್ಸ್ ಬಂದು ಹೆಸರು ಕರೆದಳು.

ಅಲ್ಲಿಂದ ಬೈಕಿನಲ್ಲಿ ಬರುವಾಗ ದಾರಿಯೆಲ್ಲ ನನ್ನೊಡನೆ ನಾನೇ ವಾದ ಮಾಡಿದೆ. ಎಲುಬು ಹಾಕಿದ್ದು ನಿಜ, ಕೆರೆದುಕೊಂಡಿದ್ದು ನಿಜ, ಬಾಯಿಗೆ ಕೈ ಹಾಕಿದಾಗ ಕಚ್ಚಿದ್ದು ನಿಜ. ಆದರೂ ಪುರಾವೆಯಾಗುವುದಿಲ್ಲ. ಎಲುಬೂ ಇದ್ದು ಹುಚ್ಚೂ ಇರಬಹುದು. ಮೇಷ್ಟ್ರು ಬಾಗಿಲಿಂದ ಹಿಂದಿರುಗಿ ಹೇಳಿದ್ದು ಇಂಥ ದಿನಕ್ಕೇ. ಹಾಗೆಂದು ಕೈ ಕಟ್ಟಿ ಕೂತರೆ ನಾಯಿ ಭಾನುವಾರ ನೋಡುವುದಿಲ್ಲ. ಹನುಮಸಾಗರದ ಆಸ್ಪತ್ರೆಯ ಮುಂದೆ ಬೈಕ್ ನಿಲ್ಲಿಸಿದಾಗ ತೀರ್ಮಾನ ಆಗಿತ್ತು. ನಾಯಿಗೆ ಮತ್ತಿನ ಮದ್ದು ಕೊಟ್ಟು ಬಾಯಿ ತೆರೆದು ನೋಡುತ್ತೇನೆ. ಬರಿಗೈ ಒಳಗೆ ಹೋಗಬಾರದು.

"ನಾ ಬರಂಗಿಲ್ರಿ ಮೇಡಂ" ಎಂದರು ನಮ್ಮ ನೌಕರರು. "ಎರಡು ವರ್ಷ ಸರ್ವಿಸ್ ಉಳದೈತಿ."

"ಹಗ್ಗ ಹಿಡೀರಿ, ಸಾಕು. ನಾಯಿ ಮುಟ್ಟಬ್ಯಾಡ್ರಿ."

ಬೈಯುತ್ತಲೇ ಬಂದರು.

ಎರಡು ಜೊತೆ ಕೈಗವಸು, ಗಂಬೂಟು, ಮಳೆಯಂಗಿ ಹಾಕಿಕೊಂಡೆ. ಮುಖಕ್ಕೆ ಬೈಕಿನ ಹೆಲ್ಮೆಟ್ ಹಾಕಿ ಗಾಜು ಇಳಿಸಿದೆ. ತಮ್ಮನ ಕೈಗೂ ಕೈಗವಸು ಹಾಕಿಸಿ, ಅವನ ಹೆಂಡತಿಯ ಕನ್ನಡಕ ಹಾಕಿಸಿದೆ. ಮನೆಯಲ್ಲಿ ಹಗ್ಗ ಹೆಣೆದ ಹೊರಸು ಮಂಚ ಇತ್ತು. ಅದನ್ನು ಅಡ್ಡ ನಿಲ್ಲಿಸಿ, ನಾಯಿಯನ್ನು ಗೋಡೆಗೆ ಒತ್ತಿ ಹಿಡಿಯಲು ಹೇಳಿದೆ. ಹಗ್ಗದ ಸಂದಿಯಲ್ಲಿ ತೊಡೆ ಕಂಡಿತು. ತೂಕ ಕಣ್ಣಳತೆಯಲ್ಲಿ ಹದಿನೆಂಟು ಕಿಲೋ. ಬಡವಾಗಿದೆ ಎಂದು ಮದ್ದು ಕಡಿಮೆ ಮಾಡಿ ಚುಚ್ಚಿದೆ.

ಹತ್ತು ನಿಮಿಷ ಆಯಿತು. ಹದಿನೈದಾಯಿತು. ನಾಯಿ ತೂಗಾಡಿತು, ಬೀಳಲಿಲ್ಲ. ಬಾಗಿಲಲ್ಲಿ ಜನ ಸೇರಿದ್ದರು, ಒಬ್ಬೊಬ್ಬರ ದನಿಗೂ ಅದು ತಲೆ ಎತ್ತುತ್ತಿತ್ತು. ಹೆದರಿದ ನಾಯಿಗೆ ಈ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಪಂಚಾಯತಿ ಸದಸ್ಯರು ಎಲ್ಲರನ್ನೂ ರಸ್ತೆಯ ತನಕ ಅಟ್ಟಿದರು. ಕೊಟ್ಟಿಗೆಯ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು ಕತ್ತಲೆ ಮಾಡಿದೆ. ಇನ್ನೊಂದು ಡೋಸು ಕೊಡಬೇಕು, ಕೊಟ್ಟರೆ ಈ ದೇಹ ತಡೆಯುತ್ತದೋ ಇಲ್ಲವೋ. ಮತ್ತನ್ನು ಇಳಿಸುವ ಮದ್ದು ನನ್ನ ಚೀಲದಲ್ಲಿ ಇರಲಿಲ್ಲ.

"ಉಸಿರು ನಿಂತ್ರೂ ನಿಲ್ಲಬಹುದು" ಎಂದು ತಮ್ಮನಿಗೆ ಹೇಳಿದೆ.

"ಕೊಡ್ರಿ" ಎಂದ.

ಐದು ನಿಮಿಷದಲ್ಲಿ ಮೋತ್ಯಾ ನೊರೆ ಕಕ್ಕಿ ಪಕ್ಕಕ್ಕೆ ಬಿತ್ತು. ಬ್ಯಾಂಡೇಜಿನ ಎರಡು ಕುಣಿಕೆ ಮಾಡಿ, ಉದ್ದ ಚಿಮಟಿಗೆಯಿಂದ ಒಂದನ್ನು ಮೇಲಿನ ಕೋರೆಹಲ್ಲಿನ ಹಿಂದೆ, ಇನ್ನೊಂದನ್ನು ಕೆಳಗಿನದರ ಹಿಂದೆ ಸಿಕ್ಕಿಸಿದೆ. ಮೇಲಿನದನ್ನು ನಮ್ಮ ನೌಕರರು ಎಳೆದರು, ಕೆಳಗಿನದನ್ನು ತಮ್ಮ. ಬಾಯಿ ತೆರೆಯಿತು. ಕೊಳೆತ ವಾಸನೆ ಹೆಲ್ಮೆಟ್ಟಿನ ಒಳಗೂ ಬಂತು. ನನ್ನ ಉಸಿರಿಗೆ ಗಾಜು ಮಂಜಾಗಿ ಏನೂ ಕಾಣಲಿಲ್ಲ. ಒಂದು ನಿಮಿಷ ಉಸಿರು ಹಿಡಿದೆ. ಮಂಜು ಇಳಿಯಿತು.

ಅಂಗುಳಿಗೆ ಅಡ್ಡಲಾಗಿ, ಈ ಕಡೆಯ ಹಿಂಬದಿ ಹಲ್ಲಿನಿಂದ ಆ ಕಡೆಯ ಹಲ್ಲಿಗೆ, ಬಾಗಿಲಿಗೆ ಹಾಕಿದ ಅಗುಳಿಯಂತೆ ಕಪ್ಪಗಿನ ಒಂದು ತುಂಡು ಕೂತಿತ್ತು. ಎರಡೂ ತುದಿ ಒಸಡಿನಲ್ಲಿ ಹೂತು ಕೀವು ಕಟ್ಟಿತ್ತು.

ಮೊದಲ ಸಲ ಚಿಮಟಿಗೆ ಜಾರಿತು. ಎರಡನೇ ಸಲ ಎಲುಬು ಅಲುಗಲಿಲ್ಲ. ಹಿಂದಕ್ಕೆ ತಳ್ಳಿ ಬಿಡಿಸಬೇಕು, ಹಿಂದೆ ಗಂಟಲಿದೆ. ಒಂದು ತುದಿಯನ್ನು ಚಿಮಟಿಗೆಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದನ್ನು ಮತ್ತೊಂದು ಚಿಮಟಿಗೆಯಿಂದ ಕೆಳಗೆ ಒತ್ತಿದೆ. ಟಕ್ಕೆಂದಿತು. ಎಲುಬು ಹೊರಗೆ ಬಂದು ನೆಲದ ಮೇಲೆ ಬಿತ್ತು.

ಆಗ ಉಸಿರು ನಿಂತಿತು. ಎದೆ ಏಳಲಿಲ್ಲ. ನಾಲಗೆ ಎಳೆದು, ಎರಡೂ ಅಂಗೈಯಿಂದ ಪಕ್ಕೆ ಒತ್ತತೊಡಗಿದೆ. ಎಷ್ಟು ಹೊತ್ತೋ ಎಣಿಸಲಿಲ್ಲ. ತಮ್ಮ ಕುಣಿಕೆ ಬಿಟ್ಟು ಅದರ ಕಿವಿಯ ಹತ್ತಿರ ಬಾಗಿ ಒಂದೇ ಸಮನೆ ಹೆಸರು ಕರೆಯುತ್ತಿದ್ದ. ದೂರ ಸರಿಯಿರಿ ಎಂದು ಕೂಗಿದೆ. ಸರಿಯಲಿಲ್ಲ. ಪಕ್ಕೆ ತಾನಾಗಿ ಒಮ್ಮೆ ಎದ್ದಿತು, ಮತ್ತೆ ಒಮ್ಮೆ. ಕರೆದದ್ದಕ್ಕೆ ಬಂತೋ ಒತ್ತಿದ್ದಕ್ಕೆ ಬಂತೋ ಎಂದು ಯಾರಾದರೂ ಕೇಳಿದರೆ ಒತ್ತಿದ್ದಕ್ಕೆ ಎಂದೇ ಹೇಳುತ್ತೇನೆ. ಆದರೆ ಆ ಕ್ಷಣದಲ್ಲಿ ಕರೆಯುವುದು ನಿಲ್ಲಿಸಬೇಡ ಎಂದು ನಾನೂ ಅಂದುಕೊಂಡಿದ್ದೆ.

ತಮ್ಮ ಕಡ್ಡಿಯಿಂದ ಎಲುಬನ್ನು ಹೊರಳಿಸಿ ನೋಡಿದ.

"ಮಟನ್ ಎಲುಬು" ಎಂದ. ಮತ್ತೊಮ್ಮೆ ಹೊರಳಿಸಿ, "ಇದು ನಮ್ಮ ಮನೀದಲ್ರಿ. ನಾವು ಈ ತಿಂಗಳ ಮಟನ್ ಮಾಡಿಲ್ಲ."

ಅವನು ಅಂಗಳದ ಗೋಡೆಯ ಕಡೆ ನೋಡಿದ. ನಾನು ಹೆಲ್ಮೆಟ್ ತೆಗೆದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೇಳಿದ ಮಾತು ನಾನು ಹೇಳಬೇಕಾದದ್ದಲ್ಲ.

ರಸ್ತೆಯಲ್ಲಿದ್ದ ಜನ ಎಲುಬು ಬಂತಂತೆ, ಎಲುಬು ಬಂತಂತೆ ಎಂದು ಹಬ್ಬದಂತೆ ಮಾತಾಡಿದರು. ಹತ್ತು ದಿನ ತುಂಬುವುದು ಮುಂದಿನ ಶುಕ್ರವಾರ, ಅಲ್ಲಿಯ ತನಕ ಸರಪಳಿ ಬಿಚ್ಚಬಾರದು, ಇಂಜೆಕ್ಷನ್ ಬಿಡಬಾರದು ಎಂದಾಗ ಅವರ ಮುಖ ಸಪ್ಪಗಾಯಿತು. ನನ್ನ ಮುಖವೂ ಹಾಗೇ ಇದ್ದಿರಬೇಕು. ಆಸ್ಪತ್ರೆಗೆ ಬಂದು ಕೈಗವಸುಗಳಿಗೆ ನೀರು ತುಂಬಿ ಹಿಂಡಿ ನೋಡಿದೆ. ಎಡಗೈಯ ಹೊರಗವಸಿನ ಹೆಬ್ಬೆರಳಿನಿಂದ ಸೂಜಿಯಂಥ ಒಂದು ಧಾರೆ ಚಿಮ್ಮಿತು. ಒಳಗವಸಿನಿಂದ ಚಿಮ್ಮಲಿಲ್ಲ. ಮೂರು ಸಲ ಹಿಂಡಿದೆ, ಚಿಮ್ಮಲಿಲ್ಲ. ಆಮೇಲೆ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಗಾಯ ಹುಡುಕಿದೆ.

ಮುಂದಿನ ಏಳು ದಿನ ನಾನು ಒಂದು ಕಡೆ ಕೂತ ನೆನಪಿಲ್ಲ. ಶನಿವಾರ ಮೋತ್ಯಾ ನೀರು ಕುಡಿಯಿತು. ಭಾನುವಾರ ಜೋಳದ ಅಂಬಲಿ ನೆಕ್ಕಿತು, ಬಾಯಿ ಮುಚ್ಚಿತು. ಸೋಮವಾರ ನಾನು ಎರಡನೇ ಬೂಸ್ಟರ್ ಹಾಕಿಸಿಕೊಂಡು ಹೊರಗೆ ಬರುವಾಗ ತಮ್ಮನ ಫೋನು.

"ಮತ್ತ ತಿನ್ನವಲ್ದುರಿ. ಎದ್ದು ನಿಲ್ಲವಲ್ದು."

ಕುಷ್ಟಗಿಯಿಂದ ಆ ಹಳ್ಳಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಹುಚ್ಚು ಹಿಂಗಾಲಿನ ಸೋಲಿನಿಂದಲೂ ಶುರುವಾಗುತ್ತದೆ ಎಂಬ ಪಾಠದ ಸಾಲು ತಲೆಯಲ್ಲಿ ಸುತ್ತುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದೆ. ನಾಯಿ ಮಲಗಿತ್ತು. ನನ್ನನ್ನು ನೋಡಿ ಗುರ್ ಎಂದಿತು. ತಮ್ಮ ಅದರ ಹೆಸರು ಕರೆದಾಗ ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು. ಜ್ವರ ಇತ್ತು, ಮೂತಿಯ ಒಂದು ಪಕ್ಕ ಬಾತಿತ್ತು. ಒಸಡಿನ ಕೀವು. ಹೊರಸು ಒತ್ತಿ ಹಿಡಿಸಿ ಆ್ಯಂಟಿಬಯೋಟಿಕ್ ಕೊಟ್ಟೆ, ಚರ್ಮದ ಕೆಳಗೆ ಸಲೈನ್ ಬಿಟ್ಟೆ. ಅಂದು ಒಂದು ಕಿವಿಗೂ ಬಿಲ್ಲೆ ಬೀಳಲಿಲ್ಲ. ಸಂಜೆ ಮೇಲಿನವರಿಂದ ಕರೆ ಬಂತು, ನನ್ನ ಅಂಕಿ ಹಿಂದೆ ಬಿದ್ದಿದೆ ಎಂದು. ಹೌದು ಸರ್ ಎಂದೆ.

ಹಿಂದಿರುಗುವಾಗ ಎಡಬಾಗಿಲ ಕಟ್ಟೆಯ ಮೇಲೆ ಅಣ್ಣ ಎದ್ದು ನಿಂತಿದ್ದ. ಅವನ ಹತ್ತಿರ ಹೋಗಿ ಜ್ವರ, ಕೀವು, ಅಷ್ಟೇ ಎಂದೆ. ಅವನು ತಲೆಯಾಡಿಸಿದ. ಬುಧವಾರ ಹೋದಾಗಲೂ ನಿಂತಿದ್ದ. ಗುರುವಾರ ಮೂರು ಹೆಜ್ಜೆ ಮುಂದೆ, ಗೋಡೆಯ ಹತ್ತಿರ ನಿಂತಿದ್ದ.

ಈ ನಡುವೆ ನನ್ನನ್ನು ನಾನೇ ಹಿಡಿದ ಒಂದು ಸಂಗತಿಯಿದೆ. ಗುರುವಾರ ಮಧ್ಯಾಹ್ನ ಒಂದು ಹೊಲದಲ್ಲಿ ಹೋರಿಗೆ ಲಸಿಕೆ ಹಾಕಿ, ಬಿಲ್ಲೆಯ ಅಂಕಿ ಒತ್ತುವ ಮೊದಲು, ಅದರ ಹೆಸರೇನು ಎಂದು ಮಾಲಕಿಯನ್ನು ಕೇಳಿದೆ. ಆ್ಯಪಿನಲ್ಲಿ ಹೆಸರಿಗೆ ಜಾಗವಿಲ್ಲ. ಆ ಹೆಂಗಸು ನನ್ನನ್ನೇ ನೋಡಿ, "ಯಾಕ್ರಿ, ಹೆಸರೂ ಬರ್ಸಬೇಕೇನು?" ಎಂದಳು. ಬೇಡ ಎಂದೆ. ಆದರೂ ಅವಳು ಹೇಳಿದಳು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಪಂಚಾಯತಿ ಸದಸ್ಯರು ಬಂದಿದ್ದರು, ಸುತ್ತಿನ ನಾಲ್ಕು ಮನೆಯವರು ಬಂದಿದ್ದರು. ಮೋತ್ಯಾನನ್ನು ನಡೆಸಿ ನೋಡಿದೆ, ಮೂತಿ ನೋಡಿದೆ, ರೊಟ್ಟಿ ಹಾಕಿಸಿದೆ. ಅಗಿದು ನುಂಗಿತು. ವರದಿಯಲ್ಲಿ ಪ್ರಾಣಿಯ ಸ್ಥಿತಿ ಎಂಬಲ್ಲಿ ಜೀವಂತ, ಆರೋಗ್ಯವಾಗಿದೆ ಎಂದು ಬರೆದು ಸಹಿ ಹಾಕಿದೆ.

ಗೋಡೆಯ ಆಚೆ ಅಣ್ಣ ನಿಂತಿದ್ದ. ಅವನ ಹತ್ತಿರ ಹೋಗಿ ಹೇಳಿದೆ: "ಹುಚ್ಚಿಲ್ರಿ. ಇನ್ನ ಏನೂ ಅಂಜಬ್ಯಾಡ್ರಿ. ಉಳದ ಇಂಜೆಕ್ಷನ್ ಡಾಕ್ಟರ್ ಹೇಳಿದಂಗ ಮುಗಿಸ್ರಿ."

ಅವನು ಗೋಡೆಯ ಮೇಲೆ ಎರಡೂ ಕೈ ಇಟ್ಟ. ನನ್ನನ್ನು ದಾಟಿ ಅವನ ಕಣ್ಣು ಹೋಯಿತು.

"ಇನ್ನ ಅದನ್ನ ನನ್ನ ಕಣ್ಣ ಮುಂದ ಕಟ್ಟಬ್ಯಾಡ."

ತಮ್ಮ ಸರಪಳಿಯನ್ನು ಕೈಗೆ ಸುತ್ತಿಕೊಂಡು ಬಿಗಿಯಾಗಿ ನಿಂತ. ಮತ್ತೆ ಶುರುವಾಯಿತು ಎಂದುಕೊಂಡು ನಾನು ಇಬ್ಬರ ನಡುವೆ ಒಂದು ಹೆಜ್ಜೆ ಸರಿದೆ. ಅಣ್ಣ ಗೋಡೆಯ ಮೇಲೆ ಇನ್ನಷ್ಟು ಬಾಗಿದ.

"ಬಿಚ್ಚಿಬಿಡಪ್ಪ. ತಿರಗ್ಯಾಡ್ಲಿ. ಹತ್ತು ದಿನ ಆತು, ನೋಡಾಕಾಗವಲ್ದು. ಎಲುಬು ನಾನ ಹಾಕಿದ್ದೆ."

ಅವನು ಮಾತಾಡಿದ್ದು ತಮ್ಮನೊಡನೆ. ಅವಗ ಹೇಳ್ರಿ ಎಂದು ನನಗೆ ಹೇಳಿರಲಿಲ್ಲ. ಅದು ತಮ್ಮನಿಗೆ ಅರ್ಥವಾಗಲು ನನಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು. ಅವನು ಬಾಗಿ ಸರಪಳಿಯ ಕೊಕ್ಕೆ ಬಿಚ್ಚಿದ. ತಲೆ ಎತ್ತದೆಯೇ, "ಹ್ಞೂಂ, ಗೊತ್ತೈತಿ ಅಣ್ಣ" ಎಂದ.